ಉಪ್ಪಿನ ಚಿಪ್ಪು ಅಂದದ್ದು ಸುಳ್ಳು

ಆ ತೆಂಗಿನ ಚಿಪ್ಪಿನಲ್ಲಿ ನಾನು ಒಂದು ದಿನವೂ ಉಪ್ಪು ಅಳೆದಿಲ್ಲ. ಸುಳ್ಳು ಹೇಳಿದೆ. ಒಂದು ಸಲ ಅಲ್ಲ, ಎರಡು ಸಲ — ಎರಡನೆಯದು ಮೊದಲಿನದಕ್ಕಿಂತ ಕೆಟ್ಟದ್ದು. ಅದು ಕೆಂಪಮ್ಮನಿಗೆ ನೀರು ಹುಯ್ಯುತ್ತಿದ್ದ ಚಿಪ್ಪು. ನಮ್ಮ ಮನೆಯ ಲೋಟ ಅವಳ ಬಾಯಿಗೆ ತಾಗಬಾರದೆಂದು ಇಟ್ಟಿದ್ದ ಚಿಪ್ಪು.

ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿ ಓದಿದರೆ ತಿದ್ದಿಕೊಂಡು ಕೇಳಿ. ಬೆಳಗಿನಿಂದ ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲ ಎದ್ದಿದ್ದೇನೆ. ಒಂದು ಸಲ ದನಕ್ಕೆ ನೀರಿಡಲು. ಉಳಿದ ಮೂರು ಸಲ — ಏತಕ್ಕೂ ಅಲ್ಲ, ಕೂರಲು ಆಗಲಿಲ್ಲ.

ನಮ್ಮದು ಬಿಳಿಗೆರೆ ಕಡೆಯ ತೋಟದ ಮನೆ. ಅಟ್ಟದಲ್ಲಿ ಒಣಗಿದ ಕಾಯಿ ಇಳಿಸಿದಾಗ ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯಲು ಊರಾಚೆ ಕೇರಿಯಿಂದ ಕೆಂಪಮ್ಮ ಬರುತ್ತಿದ್ದಳು. ಹನ್ನೆರಡು ವರ್ಷ ಬಂದಳು. ಅವಳ ಕೈಯಲ್ಲಿ ಒಂದು ಉಂಡೆಯೂ ಸೀಳುತ್ತಿರಲಿಲ್ಲ. ನನಗೂ ಅವಳಿಗೂ ಒಂದೇ ವಯಸ್ಸು, ಒಂದೇ ವರ್ಷ ಇಬ್ಬರೂ ಬಸುರಾಗಿದ್ದೆವು. ದಾಹವಾದರೆ ಸೂರಿಗೆ ಸಿಕ್ಕಿಸಿದ ಚಿಪ್ಪನ್ನು ಅವಳೇ ತೆಗೆದುಕೊಳ್ಳಬೇಕು. ನಾನು ಮೇಲಿನಿಂದ ಹುಯ್ಯಬೇಕು. ಕುಡಿದು, ತೊಳೆದು, ಅವಳೇ ತಿರುಗಿ ಅಲ್ಲಿಗೆ ಸಿಕ್ಕಿಸಬೇಕು. ಅತ್ತೆ ಮಾಡಿದ ಪದ್ಧತಿ ಅನ್ನಬಹುದು. ಆದರೆ ಅತ್ತೆ ಸತ್ತ ಮೇಲೂ ಏಳು ವರ್ಷ ಅದನ್ನು ನಡೆಸಿದವಳು ನಾನು. ಅಂಚು ತುಟಿಗೆ ತರಚುತ್ತದೆ ಎಂದು ಅವಳು ಒಮ್ಮೆ ಅಂದಾಗ, ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿಕೊಟ್ಟೆ. ಅದೇ ದೊಡ್ಡ ಉಪಕಾರ ಅಂದುಕೊಂಡೆ. ಲೋಟ ಕೊಡಬಹುದು ಅನ್ನುವುದು ತಲೆಗೇ ಬರಲಿಲ್ಲ — ಇಲ್ಲ, ಬಂದಿತ್ತು. ಬಂದರೂ ಕೊಡಲಿಲ್ಲ.

ಆಮೇಲೆ ಅವಳು ಮಗಳ ಜೊತೆ ದಬ್ಬೇಘಟ್ಟಕ್ಕೆ ಹೋದಳು. ಚಿಪ್ಪು ಸೂರಿನಲ್ಲೇ ಉಳಿಯಿತು. ಒಲೆಗೆ ಹಾಕಬಹುದಿತ್ತು. ಕೈ ಹೋಗಲಿಲ್ಲ. ಮುಟ್ಟಬಾರದು ಅನ್ನುವುದು ಅಷ್ಟು ವರ್ಷದ ಮೇಲೂ ಕೈಯಲ್ಲೇ ಇತ್ತು ಅಂತ ಕಾಣುತ್ತದೆ.

ನನ್ನ ಮಗಳ ಮಗಳು ಸುಮಾ ಓದುವುದು ನಮ್ಮ ಕಡೆಯದೇ ಒಂದು ಸಣ್ಣ ಕಾಲೇಜಿನಲ್ಲಿ. ಇನ್ನೂರು ಮಕ್ಕಳೂ ಇಲ್ಲ. ಎಂಜಿನಿಯರೂ ಆಗುವುದಿಲ್ಲ, ಡಾಕ್ಟರೂ ಆಗುವುದಿಲ್ಲ. ಚರಿತ್ರೆ, ಭಾಷೆ, ಹಾಡು, ಸಮಾಜ ಎಲ್ಲ ಕಲಸಿ ಓದಿಸುತ್ತಾರೆ. ಇದನ್ನು ಓದಿ ಏನು ಕಡಿಯುತ್ತೀಯ ಎಂದು ಕೇಳಿದ್ದೆ. ಎಲ್ಲೆಲ್ಲಿಂದಲೋ ಬಂದ ಮಕ್ಕಳು. ಹಾಸ್ಟೆಲಿನಲ್ಲಿ ಯಾರ ಜೊತೆ ಯಾರು ಅನ್ನುವುದನ್ನು ಚೀಟಿ ಎತ್ತಿ ಗೊತ್ತು ಮಾಡುತ್ತಾರೆ. ಸುಮಾಳ ಚೀಟಿಗೆ ಬಂದವಳು ನೇತ್ರಾ. ಒಂದೇ ಟ್ರಂಕಿನಲ್ಲಿ ಇಬ್ಬರ ಬಟ್ಟೆ ಇಡುವಷ್ಟು ಸ್ನೇಹ. ಅವಳು ಕೆಂಪಮ್ಮನ ಮೊಮ್ಮಗಳು ಅನ್ನುವುದು ಸುಮಾಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಒಂದು ಭಾನುವಾರ ಸುಮಾ ಮೂವರನ್ನು ಊಟಕ್ಕೆ ಕರೆತಂದಳು. ನೇತ್ರಾ ಅಂದು ಊರಿಗೆ ಹೋಗಿದ್ದಳು. ಕಲಬುರಗಿಯ ಹುಡುಗ ಮುದ್ದೆ ನೋಡಿ, "ಅಜ್ಜಿ, ಇದನ್ನ ಕಡೀಲೇನ್ರೀ?" ಅಂದ. ಮಣಿಪುರದ ಹುಡುಗಿ ಅವನ ಬೆನ್ನಿಗೆ ಒಂದು ಗುದ್ದಿ, "ನುಂಗೋ, ಮಾತಾಡ್ಬೇಡ" ಅಂದಳು. ನನ್ನ ಭಾಷೆಯಲ್ಲಿ ನನಗಿಂತ ಚೆನ್ನಾಗಿ ಬಯ್ಯಲು ಕಲಿತಿದ್ದಳು. ನಗುತ್ತಾ ಉಂಡರು. ಕೈ ತೊಳೆಯುವಾಗ ಸುಮಾ ಸೂರಿನತ್ತ ಕೈ ಚಾಚಿ ಚಿಪ್ಪು ತೆಗೆದಳು. ಎಷ್ಟು ನುಣ್ಣಗಿದೆ ಎಂದು ಅಂಚನ್ನು ಒಬ್ಬೊಬ್ಬರೂ ಸವರಿದರು. ಇದೇನಜ್ಜಿ ಎಂದು ಕೇಳಿದಳು.

"ಉಪ್ಪು ಅಳೆಯೋದು ಕಣೇ," ಅಂದೆ.

ನಿಜ ಹೇಳಿದ್ದರೆ ಆ ಮಕ್ಕಳು ಇನ್ನೊಂದು ಸಲ ನನ್ನ ಮನೆಯಲ್ಲಿ ಉಣ್ಣುತ್ತಿದ್ದರೋ ಇಲ್ಲವೋ — ಅದೇ ಭಯ. ಬೇರೆ ಕಾರಣ ಇಲ್ಲ.

ಕಾಲೇಜಿನ ಹಬ್ಬಕ್ಕೆ ಪ್ರತಿಯೊಬ್ಬರೂ ಮನೆಯಿಂದ ಒಂದು ಹಳೆಯ ವಸ್ತು ತರಬೇಕಂತೆ. ಸುಮಾ ಚಿಪ್ಪು ಒಯ್ದಳು. ಬೇಡ ಅನ್ನಲು ಬಾಯಿ ಬರಲಿಲ್ಲ. ಉಪ್ಪಿನ ಚಿಪ್ಪನ್ನು ಬೇಡ ಅನ್ನುವವರು ಯಾರು? ಹಬ್ಬದ ದಿನ ನನ್ನನ್ನೂ ಕರೆಸಿ ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಮೇಜಿನ ಮೇಲೆ ಚಿಪ್ಪು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಉಪ್ಪಿನ ಚಿಪ್ಪು'. ಅದನ್ನು ನೋಡಿಯೇ ಮಕ್ಕಳಿಗೆ ಹೊಳೆಯಿತಂತೆ — ಪ್ಲಾಸ್ಟಿಕ್ ಲೋಟ ಬೇಡ, ಎಲ್ಲರಿಗೂ ಚಿಪ್ಪಿನಲ್ಲೇ ಪಾನಕ ಕೊಡೋಣ ಎಂದು. ಎಲ್ಲ ಜಾತಿಯ, ಎಲ್ಲ ಊರಿನ ಮಕ್ಕಳು ಹೊಸ ಚಿಪ್ಪು ಹಿಡಿದು ಕುಡಿಯುತ್ತಾ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಎದ್ದು ಹೋಗಬೇಕು ಅಂದುಕೊಂಡೆ. ಹೋಗಲಿಲ್ಲ.

ಆಗ ನೇತ್ರಾ ಬಂದಳು. "ನಮ್ಮನೇಲಿ ಹಳೇದು ಅಂತ ಇರೋದು ನಮ್ಮಜ್ಜಿ ಒಬ್ಳೇ, ಅವಳನ್ನೇ ತಂದಿದೀನಿ," ಅಂದಳು. ಎಲ್ಲರೂ ನಕ್ಕರು. ಅವಳ ಹಿಂದೆ ಕೆಂಪಮ್ಮ.

ಯಾರೋ ಅವಳ ಕೈಗೂ ಒಂದು ಚಿಪ್ಪು ಪಾನಕ ಕೊಟ್ಟರು. ಅವಳು ಕುಡಿಯಲಿಲ್ಲ. ಮೇಜಿನ ಹತ್ತಿರ ಹೋಗಿ ಹಳೆಯ ಚಿಪ್ಪನ್ನು ನೋಡಿದಳು. ಮೊಮ್ಮಗಳಿಂದ ಅಕ್ಷರ ಓದಿಸಿಕೊಂಡಳು. ನನ್ನ ಕಡೆ ತಿರುಗಿದಳು.

"ಉಪ್ಪು ಅಳೀತಿದ್ರಾ ಅವ್ವಾರೇ, ಇದ್ರಾಗೆ?"

ನಾನು ತಲೆ ತಗ್ಗಿಸಿದೆ. ಅವಳು ಕೈಯಲ್ಲಿದ್ದದ್ದನ್ನು ಚೆಲ್ಲದ ಹಾಗೆ ನೆಲದ ಮೇಲಿಟ್ಟು ಹೊರಟುಹೋದಳು.

ಮಾರನೆಯ ದಿನ ಮಧ್ಯಾಹ್ನ ಸುಮಾಳ ಫೋನು. "ಅಜ್ಜಿ, ನೇತ್ರಾ ಅವರಜ್ಜಿ ಏನೇನೋ ಹೇಳ್ತಾವ್ರಂತೆ. ನಮ್ಮಜ್ಜಿ ಅಂಥೋಳಲ್ಲ ಅಂದಿದೀನಿ. ನೀನೇ ಹೇಳು, ಅದು ಉಪ್ಪಿಂದು ತಾನೆ?"

"ಹೂಂ," ಅಂದೆ.

ಕ್ಲಾಸಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಫೋನು ಇಟ್ಟಿದ್ದಳಂತೆ. ಅದು ನನಗೆ ಆಮೇಲೆ ತಿಳಿಯಿತು. ತಿಳಿದಿದ್ದರೆ ಬೇರೆ ಹೇಳುತ್ತಿದ್ದೆ ಅಂತಲೂ ಅಲ್ಲ. ನನ್ನ ಒಂದು ಹೂಂ ಕೇಳಿ ಆ ಕ್ಲಾಸು ನೇತ್ರಾಳನ್ನು ನೋಡಿತು. ಹಬ್ಬ ಕೆಡಿಸಿದಳು, ಇಲ್ಲದ್ದನ್ನು ಹುಟ್ಟಿಸಿದಳು ಎಂದು ಯಾರೋ ಅಂದರಂತೆ. ನೇತ್ರಾ ಟ್ರಂಕಿನಿಂದ ತನ್ನ ಬಟ್ಟೆ ಬೇರೆ ಮಾಡಿಕೊಂಡು ಊರಿಗೆ ಹೋದಳು. ಓದು ಸಾಕು ಅಂದಿದ್ದಾಳೆ. ಹತ್ತು ದಿನವಾಯಿತು.

ಮೊನ್ನೆ ಬಸ್ಸು ಹತ್ತಿ ದಬ್ಬೇಘಟ್ಟಕ್ಕೆ ಹೋದೆ. ಕೆಂಪಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಒಳಗೆ ನೇತ್ರಾ ಇದ್ದಳು. ಹೊರಗೆ ಬರಲಿಲ್ಲ. ತಪ್ಪಾಯಿತು ಕೆಂಪಮ್ಮ ಎಂದು ಶುರು ಮಾಡಿದೆ. ಅವಳು ಅವರೆಯಿಂದ ಕಣ್ಣು ಎತ್ತಲಿಲ್ಲ.

"ನಂಗ್ಯಾಕೆ ಹೇಳ್ತೀರಾ ಅವ್ವಾರೇ? ಕುಡ್ದೋಳು ನಾನು, ನಂಗೊತ್ತಿಲ್ವಾ? ಅಲ್ಲಿ ಎಲ್ರಿಗೂ ಕೇಳಂಗೆ ಹೂಂ ಅಂದ್ರಲ್ಲ, ಎಲ್ರಿಗೂ ಕೇಳಂಗೇ 'ಇಲ್ಲ' ಅನ್ನಿ."

ಅಷ್ಟೇ. ನಾನು ತಿರುಗಿ ಬಸ್ಸು ಹತ್ತಿದೆ.

ನೆನ್ನೆ ಸುಮಾಳನ್ನು ಕರೆಸಿ ಎಲ್ಲ ಹೇಳಿದೆ, ಕಾಲೇಜಿಗೇ ಬಂದು ಎಲ್ಲರ ಮುಂದೆ ಹೇಳುತ್ತೇನೆ ಅಂದೆ. ಬಯ್ಯಲಿ ಅಂದುಕೊಂಡೆ, ಬಯ್ಯಲಿಲ್ಲ. ನಾನು ಅವಳ ಮುಂದೆ ಸುಳ್ಳಿಯಾಗಿದ್ದಕ್ಕಿಂತ, ಅವಳನ್ನು ಗೆಳತಿಯ ಮುಂದೆ ಸುಳ್ಳಿ ಮಾಡಿದ್ದೇ ಅವಳಿಗೆ ಹೆಚ್ಚು ಚುಚ್ಚಿತ್ತು. ಆಮೇಲೆ, ನೀನು ಕಾಲೇಜಿಗೆ ಬರಬೇಡ, ನಾನೇ ಎಲ್ಲರಿಗೂ ಹೇಳುತ್ತೇನೆ ಅಂದಳು. ನನ್ನ ಮಾನ ಉಳಿಸಲು ನೋಡಿದಳೋ, ತನ್ನದನ್ನೋ —

"ನಿನ್ನ ಬಾಯಿಂದ ಬಂದ್ರೆ ಅದು ನಿನ್ನ ಒಳ್ಳೇತನ ಆಗುತ್ತೆ ಕಣೇ," ಅಂದೆ. "ನನ್ನ ತಪ್ಪು ಆಗಲ್ಲ."

ಕಾಲೇಜಿನಲ್ಲಿ ಸೋಮವಾರ ಬೆಳಿಗ್ಗೆ ಎಲ್ಲ ಮಕ್ಕಳೂ ಒಂದು ಕಡೆ ಸೇರುತ್ತಾರೆ. ಮೈಕು ಕೇಳಿದ್ದೇನೆ, ಕೊಡುತ್ತೇವೆ ಅಂದಿದ್ದಾರೆ. ಈ ಕಾಗದವನ್ನು ಅಲ್ಲಿ ನಿಂತು ಓದುತ್ತೇನೆ. ನೇತ್ರಾಳಿಗೆ ಹೇಳಿ ಕಳಿಸಿದ್ದೇನೆ. ಬರುತ್ತಾಳೋ ಇಲ್ಲವೋ ಗೊತ್ತಿಲ್ಲ. ಬಂದರೆ ನನ್ನನ್ನು ಕ್ಷಮಿಸಲು ಬರುವುದು ಬೇಡ, ಓದಲು ಬರಲಿ. ಬಾರದಿದ್ದರೆ ಮುಂದಿನ ಸೋಮವಾರವೂ ಹೋಗುತ್ತೇನೆ. ಅದರ ಮುಂದಿನ ಸೋಮವಾರವೂ.