ಉಡಚಪ್ಪನ ಎಣಿಕೆ: ಲಾಭ, ಎರಡು, ಮೂರು

ಬೆಳಗಿನ ಐದೂಕಾಲು. ಚಿಕ್ಕೇರೂರಿನ ಕೆರೆ ಏರಿಯ ಮೇಲೆ ಸಾಲುಗಟ್ಟಿದ ಹುಡುಗ ಹುಡುಗಿಯರನ್ನು ಉಡಚಪ್ಪ ಎಣಿಸುತ್ತಿದ್ದಾರೆ: "ಲಾಭ, ಎರಡು, ಮೂರು, ನಾಲ್ಕು..." ರಾಶಿ ಅಳೆಯುವಾಗ ಈ ಕಡೆ ಯಾರೂ ‘ಒಂದು’ ಅನ್ನುವುದಿಲ್ಲವಲ್ಲ, ಮೊದಲ ಅಳತೆ ಯಾವತ್ತೂ ಲಾಭವೇ. ಅಪ್ಪನ ಕಣದಲ್ಲಿ ಕಲಿತ ಎಣಿಕೆ ಇದು. "ಸೈನ್ಯದಾಗ ಸುಬೇದಾರ ಸಾಹೇಬ್ರು ಬೈದ್ರು, ಮೈದಾನ ಸುತ್ತಿಸಿದ್ರು. ಆದ್ರೂ ಬಾಯಿಗೆ ಲಾಭನ ಬರತೈತ್ರಿ," ಎಂದು ನಗುತ್ತಾರೆ.

ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು. ಎರಡು ಕಾಲ್ಬೆರಳು ಹಿಮಕ್ಕೆ ಹೋಗಿವೆ. ಹಗಲಿಡೀ ಹಿರೇಕೆರೂರಿನ ಗೋದಾಮೊಂದರಲ್ಲಿ ಕಾವಲು ಕೆಲಸ, ಬೆಳಗಿನ ಎರಡು ತಾಸು ಸೈನ್ಯ ಭರ್ತಿಯ ಓಟಕ್ಕೆ ಈ ಮಕ್ಕಳನ್ನು ತಯಾರು ಮಾಡಲು. ಹಾನಗಲ್, ಸವಣೂರು ಕಡೆಯಿಂದಲೂ ಬೈಕಿನಲ್ಲಿ ಬರುತ್ತಾರೆ. ಇವತ್ತು ನಲವತ್ತೆರಡು ಮಂದಿ. ಇಲ್ಲಿ ಓಡಿದ ಅರವತ್ತೊಂದು ಮಂದಿ ಸೈನ್ಯ ಸೇರಿದ್ದಾರೆ. ಊರಿನ ಒಂದು ಸಭೆಯಲ್ಲೂ ಉಡಚಪ್ಪನವರ ಹೆಸರು ಕೂಗಿಲ್ಲ.

ಹೋದ ವಾರ ಸಾಲಿನ ತುದಿಯಲ್ಲಿದ್ದ ವಿದ್ಯಾ ಕೇಳಿಯೇಬಿಟ್ಟಳು: "ಕಾಕಾ, ಈಗ ನಾಕ ವರ್ಷದ್ದ ನೌಕರಿ. ನಾಲ್ವರಾಗ ಮೂವರನ್ನ ಮನೀಗೆ ಕಳಸ್ತಾರ. ಹಂಗಾರ ಲಾಭ ಯಾರಿಗ್ರಿ?" ಇವಳ ಅಣ್ಣ ಮೈಲಾರಿಯೂ ಇದೇ ಏರಿಯ ಮೇಲೆ ಓಡಿ ಸೇರಿದವನು. ಈಗ ಗಡಿಯ ಹಿಮದಲ್ಲಿದ್ದಾನೆ, ನಾಲ್ಕು ವರ್ಷ ತುಂಬಲು ಮೂರೇ ತಿಂಗಳು. ಉಳಿಸಿಕೊಳ್ಳುತ್ತಾರೋ ಕಳಿಸುತ್ತಾರೋ, ಆ ದೇವರಿಗೇ ಗೊತ್ತು.

ಅಂದಿನಿಂದ ಉಡಚಪ್ಪನವರಿಗೆ ಮೈಯೆಲ್ಲ ಉರಿ. ಉರಿಯದೆ ಏನಾದೀತು? ಟೀವಿಯಲ್ಲಿ ಕೋಟು ತೊಟ್ಟವರು ಸೈನ್ಯ ದೊಡ್ಡದಾಯಿತು, ಕಡಿಮೆ ಮಾಡಿ, ಇಲ್ಲಿಂದ ತೆಗೆದು ಅಲ್ಲಿಡಿ ಎನ್ನುತ್ತಾರೆ, ಪಗಡೆ ಕಾಯಿ ನಡೆಸಿದ ಹಾಗೆ.

"ಗಡಿಯಾಗ ಒಂದ ಪೋಸ್ಟಿಗೆ ಮೂವರು ಬೇಕ್ರಿ. ಒಬ್ಬ ನಿಲ್ಲಾಕ, ಒಬ್ಬ ಮಲಗಾಕ, ಒಬ್ಬ ಬರ್ಫ್ ಕರಗಿಸಿ ನೀರ ಕಾಸಾಕ. ಇವರು ಎಸಿಯಾಗ ಕುಂತು ಒಬ್ಬನ್ನ ಕಳೀತಾರ. ಆ ಒಬ್ಬ ಯಾವಾಗ್ಲೂ ನಮ್ಮಂಥವರ ಮನಿಯಾವ! ಸಣ್ಣ ಸೈನ್ಯ ಸಾಕಂದ್ರ ಸಣ್ಣದ ಇಡ್ರಿ, ಯಾರ ಬ್ಯಾಡಂದಾರ? ಆದ್ರ ಜ್ವಾಳದ ಹೊಲಕ್ಕ ಎಷ್ಟ ಮಂದಿ ಕಾವಲ ಬೇಕು ಅಂತ ಹಕ್ಕಿ ನೋಡಿ ಹೇಳಬೇಕ್ರಿ, ಕೂಲಿ ನೋಡಿ ಅಲ್ಲ."

ಇವತ್ತು ಓಟ ಶುರುವಾಗುವ ಹೊತ್ತಿಗೆ ಮೈಲಾರಿ ಮತ್ತು ವಿದ್ಯಾ ಇಬ್ಬರ ತಾಯಿ ಮಂಜವ್ವ ಏರಿಗೇ ಬಂದಿದ್ದಾಳೆ. "ಯಣ್ಣಾ, ನಿನ್ನ ಮಾತ ಕೇಳಿ ಒಬ್ಬನ್ನ ಕೊಟ್ಟೇನಿ. ಈಕೀನ್ನೂ ಕೊಡ್ಲೇನು? ಖರೇ ಹೇಳು."

ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಅಷ್ಟೂ ಮಂದಿಯಲ್ಲಿ ಚೆನ್ನಾಗಿ ಓಡುವವಳು ವಿದ್ಯಾ. ಉಡಚಪ್ಪ ನೆಲ ನೋಡುತ್ತಾರೆ. "ಪಾಸ್ ಮಾಡಸ್ತೇನಿ, ಅದು ನನ್ನ ಜಿಮ್ಮಾ. ನಾಕ ವರ್ಷದ ಮ್ಯಾಲೆ ಏನಂತ ಕೇಳಬ್ಯಾಡವ್ವಾ, ಅದು ನನ್ನ ಕೈಯಾಗಿಲ್ಲ."

ಮಂಜವ್ವ ಮಗಳ ರಟ್ಟೆ ಹಿಡಿದು ಏರಿ ಇಳಿಯುತ್ತಾಳೆ. ವಿದ್ಯಾ ಅಳುತ್ತಲೇ ಹೋಗುತ್ತಾಳೆ. ಉಳಿದ ನಲವತ್ತೊಂದು ಮಂದಿ ಓಡತೊಡಗುತ್ತಾರೆ.

ಇಷ್ಟು ವರ್ಷ ದುಡಿದಿರಿ, ನಿಮಗೇನಾದರೂ ಆಸೆ ಇದೆಯೇ ಎಂದರೆ ಉಡಚಪ್ಪ ಸಿಡುಕುತ್ತಾರೆ. "ಶಾಲು, ಹಾರ ಏನೂ ಬ್ಯಾಡ್ರಿ. ಸೈನ್ಯ ಎಷ್ಟಿರಬೇಕು, ಎಲ್ಲಿರಬೇಕು ಅಂತ ಲೆಕ್ಕ ಹಾಕೂ ಮೇಜಿನ ಮುಂದ ಮಂಜವ್ವಗ ಒಂದ ಕುರ್ಚಿ ಹಾಕ್ರಿ. ಮೂವರನ್ನ ಮನೀಗೆ ಕಳಸ್ತೀವಿ ಅನ್ನೂದನ್ನ ಆ ಕೋಟಿನವರು ಆಕೀ ಮಾರಿ ನೋಡಿ ಹೇಳಲಿ. ಸಾಕು."