ಸಿಳ್ಳೆಗೆ ಬೇಕಾದ ತುಟಿ

‘ಕೆಳತುಟಿ ಸ್ವಲ್ಪ ದಿನ ಜೋಮು ಹಿಡಿದ ಹಾಗೆ ಇರಬಹುದು ಆಂಟಿ. ಪರವಾಗಿಲ್ವಾ?’

ಕೇಳಿದ್ದು ಸಾಗರದ ನಮ್ಮ ಹಲ್ಲಿನ ಡಾಕ್ಟರು. ತೀರ್ಥಹಳ್ಳಿ ಕಡೆಯ ಹುಡುಗಿ. (ಆಂಟಿ ಅಂದದ್ದನ್ನು ಕ್ಷಮಿಸಿದೆ. ಬಾಯಿ ತೆರೆದು ಕೂತವಳು ಇನ್ನೇನು ಮಾಡಲಿ?)

ಸಂಗತಿ ಇಷ್ಟೇ. ನನ್ನ ಎಡ ದವಡೆಯ ಕೊನೆಯಲ್ಲಿ ಒಂದು ಬುದ್ಧಿಹಲ್ಲು ಅಡ್ಡಡ್ಡ ಮಲಗಿದೆ. ಈ ವರ್ಷ ಮೂರು ಸಲ ಕೆನ್ನೆ ಊದಿತು. ಮೂರೂ ಸಲ ಲವಂಗ ಕಚ್ಚಿಕೊಂಡೇ ಪಾಠ ಮಾಡಿದೆ. ನಾಲ್ಕನೆಯ ಸಲ ಕ್ಲಿನಿಕ್ಕಿಗೆ ಹೋದೆ.

ಮೊದಲು ಎಕ್ಸ್‌ರೇ. ಓಲೆ, ಸರ, ಮೂಗುಬೊಟ್ಟು ಎಲ್ಲ ತೆಗೆಸಿದರು. ಗಲ್ಲ ಇಟ್ಟು ನಿಂತೆ, ಮೆಷಿನ್ನು ಮುಖಕ್ಕೊಂದು ಸುತ್ತು ಬಂತು. ಪರದೆ ಮೇಲೆ ನನ್ನ ಅಷ್ಟೂ ಹಲ್ಲುಗಳ ಗ್ರೂಪ್ ಫೋಟೋ. ಡಾಕ್ಟರು ಬುದ್ಧಿಹಲ್ಲಿನ ಬೇರಿನ ಕೆಳಗೆ ಹಾದುಹೋದ ಕೊಳವೆಯಂಥ ಒಂದು ಮಸುಕು ಗೆರೆಯನ್ನು ಪೆನ್ನಿನಿಂದ ತೋರಿಸಿದರು. ಕೆಳತುಟಿಗೆ, ಗಲ್ಲಕ್ಕೆ ಸ್ಪರ್ಶ ಒಯ್ಯುವ ನರ ಅದರೊಳಗೇ ಇದೆಯಂತೆ. ಬೇರು ಅದರ ಮೇಲೇ ಕೂತಂತಿತ್ತು. ಹಲ್ಲು ಕೀಳುವಾಗ ನರಕ್ಕೆ ಪೆಟ್ಟಾದರೆ ತುಟಿ ಮರಗಟ್ಟಬಹುದು. ಹೆಚ್ಚಿನವರಿಗೆ ಸರಿಹೋಗುತ್ತದೆ, ಅಪರೂಪಕ್ಕೆ ಕೆಲವರಿಗೆ ಹೋಗುವುದಿಲ್ಲ. ಮಾತು, ಊಟಕ್ಕೆ ತೊಂದರೆ ಇಲ್ಲ, ಮುಟ್ಟಿದ್ದು ಗೊತ್ತಾಗುವುದಿಲ್ಲ ಅಷ್ಟೇ ಅಂದರು.

‘ಸಿಳ್ಳೆ ಹಾಕ್ಬಹುದಾ?’ ಅಂದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. ಪಕ್ಕದಲ್ಲಿದ್ದ ಯಜಮಾನರು ಸೀಲಿಂಗ್ ನೋಡಿದರು.

ನಗಬೇಡಿ. ನನ್ನ ತವರು ಹೊಸನಗರದ ಕಡೆ, ಶರಾವತಿ ಹಿನ್ನೀರಿನ ಆಚೆ ದಡದಲ್ಲಿತ್ತು. ಶಾಲೆ ಈಚೆ ದಡದಲ್ಲಿ. ಸಂಜೆ ದೋಣಿ ಬೇಕೆಂದರೆ ಕೂಗಿ ಕರೆಯುವಂತಿರಲಿಲ್ಲ, ಗಾಳಿಗೆ ಕೂಗು ಅರ್ಧ ನೀರಿನಲ್ಲೇ ಕಳೆದುಹೋಗುತ್ತಿತ್ತು. ಅದಕ್ಕೇ ಸಿಳ್ಳೆ. ಆಚೆ ದಡದಲ್ಲಿ ನಾಲ್ಕು ಮನೆ, ಮನೆಗೊಂದು ಸಿಳ್ಳೆ. ನಮ್ಮದು ಎರಡು ಗಿಡ್ಡ, ಒಂದು ಉದ್ದ. ಯಾರ ಮನೆಯವರು ಬಂದಿದ್ದಾರೆಂದು ಅದರಿಂದಲೇ ತಿಳಿಯುತ್ತಿತ್ತು. ಹೆಣ್ಣುಮಕ್ಕಳು ಸಿಳ್ಳೆ ಹಾಕಬಾರದು ಅನ್ನುತ್ತಿದ್ದ ಅಜ್ಜಿಯೂ ದಡದ ಮಟ್ಟಿಗೆ ಸುಮ್ಮನಿದ್ದಳು.

ಕಲಿಸಿದ್ದು ಅಪ್ಪ. ಕೆಳತುಟಿ ಎಷ್ಟು ಒಳಗೆಳೆಯಬೇಕು, ಗಾಳಿ ಎಲ್ಲಿ ತಾಗಬೇಕು, ಎಲ್ಲ. ನಾನು ಸಿಳ್ಳೆ ಹಾಕಿದರೆ ಆಚೆಯಿಂದ ಅಪ್ಪನ ಅದೇ ಸಿಳ್ಳೆ ತಿರುಗಿ ಬರುತ್ತಿತ್ತು. ಬಂದೆ ಅಂತ ಅದರ ಅರ್ಥ. ಆಮೇಲೆ ದೋಣಿ ಎಷ್ಟು ತಡವಾದರೂ ನನಗೆ ಹೆದರಿಕೆ ಇರುತ್ತಿರಲಿಲ್ಲ.

ಅಪ್ಪ ಹೋಗಿ ಒಂಬತ್ತು ವರ್ಷ. ಫೋಟೋ ಇದೆ, ದನಿ ಎಲ್ಲೂ ರೆಕಾರ್ಡ್ ಆಗಿಲ್ಲ. ಐವತ್ತೆರಡು ದಾಟಿದ ಮೇಲೂ ಅಪ್ಪ ಬೇಕು ಅನಿಸುತ್ತದೆ, ಏನು ಮಾಡಲಿ? ಹಾಗನಿಸಿದಾಗ ಹಿತ್ತಿಲಿಗೆ ಹೋಗಿ ಮೆಲ್ಲಗೆ ಆ ಸಿಳ್ಳೆ ಹಾಕಿಕೊಳ್ಳುತ್ತೇನೆ. (ಮೇಷ್ಟ್ರಮ್ಮನ ಈ ಗುಟ್ಟು ಶಾಲೆಯ ಮಕ್ಕಳಿಗೆ ಹೇಳಬೇಡಿ.)

ಇದನ್ನೆಲ್ಲ ಡಾಕ್ಟರಿಗೆ ಹೇಳಿದೆ. ಅವರು ನಗಲಿಲ್ಲ.

‘ತುಟಿ ಆಡುತ್ತೆ ಆಂಟಿ. ಆದ್ರೆ ಗಾಳಿ ಎಲ್ಲಿ ತಾಗ್ತಿದೆ ಅಂತ ತುಟಿಗೇ ಗೊತ್ತಾಗ್ದಿದ್ರೆ ಕಷ್ಟ. ಒಂದು ತ್ರೀಡಿ ಸ್ಕ್ಯಾನ್ ಮಾಡ್ಸಿ, ನೋಡಿ ತೀರ್ಮಾನ ಮಾಡೋಣ’ ಅಂದರು. ಎಕ್ಸ್‌ರೇಯಲ್ಲಿ ಎಲ್ಲ ಚಪ್ಪಟೆ. ಬೇರು ನರಕ್ಕೆ ತಾಗಿದೆಯೋ, ಹಿಂದೆಮುಂದೆ ಇದ್ದು ಹಾಗೆ ಕಾಣುತ್ತಿದೆಯೋ ತಿಳಿಯುವುದಿಲ್ಲ.

ಶಿವಮೊಗ್ಗಕ್ಕೆ ಹೋಗಿ ಮಾಡಿಸಿಕೊಂಡು ಬಂದೆವು. ನಡುವೆ ಕೂದಲೆಳೆಯಷ್ಟಾದರೂ ಜಾಗ ಇರಲೆಂದು ದಾರಿಯುದ್ದಕ್ಕೂ ಹರಕೆ ಹೊತ್ತೆ. ಇರಲಿಲ್ಲ. ಬೇರು ನರಕ್ಕೆ ಅಂಟಿಕೊಂಡೇ ಇತ್ತು. ಹಾಗಾದರೆ ಹಲ್ಲಿನ ತಲೆಯಷ್ಟನ್ನೇ ಕತ್ತರಿಸಿ ಬೇರನ್ನು ಅಲ್ಲೇ ಬಿಡೋಣ, ಅಪಾಯ ಕಡಿಮೆ, ಮುಂದೆ ತೊಂದರೆ ಕೊಟ್ಟರೆ ಮತ್ತೆ ನೋಡೋಣ ಅಂದರು ಡಾಕ್ಟರು. ಒಪ್ಪಿದೆ.

ಹಲ್ಲು ಕತ್ತರಿಸಿದ ದಿನ ಸಂಜೆಯವರೆಗೂ ಇಂಜೆಕ್ಷನ್ನಿನ ಜೋಮು. ಬೆರಳಿಂದ ಗಲ್ಲ ಚಿವುಟಿಕೊಳ್ಳುತ್ತಲೇ ಕೂತಿದ್ದೆ. ಕತ್ತಲಾಗುವ ಹೊತ್ತಿಗೆ ನೋವಾಯಿತು. ಚಿವುಟಿದ್ದಕ್ಕೆ ಅಷ್ಟು ಖುಷಿಪಟ್ಟವಳು ಊರಲ್ಲಿ ನಾನೊಬ್ಬಳೇ ಇರಬೇಕು!

ಆದರೆ ಗಾಯ ಮಾಯುವ ತನಕ ಉಗುಳಬಾರದು, ಸ್ಟ್ರಾ ಹಾಕಿ ಕುಡಿಯಬಾರದು, ಸಿಳ್ಳೆಯಂತೂ ಕೂಡದು ಎಂದು ಅಪ್ಪಣೆಯಾಗಿತ್ತು. ಮೊದಲೆಲ್ಲ ತಿಂಗಳುಗಟ್ಟಲೆ ಸಿಳ್ಳೆ ನೆನಪಾಗದೆ ಇದ್ದದ್ದೂ ಉಂಟು. ಈಗ ಗಂಟೆಗೊಮ್ಮೆ ತುಟಿ ತುರಿಸುತ್ತಿತ್ತು.

ಡಾಕ್ಟರು ಹೂಂ ಅಂದ ಮೇಲಿನ ಮೊದಲ ಭಾನುವಾರವೇ ಯಜಮಾನರನ್ನು ಎಬ್ಬಿಸಿಕೊಂಡು ಹಿನ್ನೀರಿನ ದಡಕ್ಕೆ ಹೋದೆ. ಆಚೆಯ ನಾಲ್ಕೂ ಮನೆಯವರು ಎಂದೋ ಆ ದಡ ಬಿಟ್ಟು ಈಚೆ ರಸ್ತೆ ಬದಿಗೆ ಬಂದಿದ್ದಾರೆ. ದೋಣಿಯೂ ಇಲ್ಲ. ತುಟಿ ಒಳಗೆಳೆದೆ. ಮೊದಲೆರಡು ಸಲ ಬರೀ ಗಾಳಿ. ಮೂರನೆಯ ಸಲ ಬಂತು, ಎರಡು ಗಿಡ್ಡ, ಒಂದು ಉದ್ದ. ನೀರಿನ ಮೇಲೆ ಹೋಗೇ ಹೋಯಿತು. ನಾನು ಕಿವಿಗೊಟ್ಟು ನಿಂತೇ ಇದ್ದೆ, ಕಣ್ಣು ತುಂಬಿತ್ತು.

‘ಯಾರನ್ನ ಕರೀತಿದೀಯೆ? ಆಚೆ ಯಾರಿದಾರೆ ಈಗ?’ ಎಂದರು ಯಜಮಾನರು, ಮೆತ್ತಗೆ.

ಯಾರಾದರೂ ಇದ್ದರೆ ಮಾತ್ರ ಕರೆಯಬೇಕೇ?