ಕೇಳಿ ಹೋಗುತ್ತಿದ್ದ ದಾರಿ

ನನಗೆ ಕಾನೂನಿನ ಪದವಿ ಇಲ್ಲ. ಬಿ.ಎಸ್ಸಿ. ಮುಗಿಸಿ ತಿ. ನರಸೀಪುರದ ಒಂದು ಟ್ಯುಟೋರಿಯಲ್‌ನಲ್ಲಿ ಲೆಕ್ಕ ಹೇಳಿಕೊಡುತ್ತೇನೆ. ಕಾಲೇಜಿನಲ್ಲಿದ್ದಷ್ಟು ಕಾಲ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಗೆಲ್ಲುತ್ತಿದ್ದೆ. ಕೋರ್ಟಿನ ತೀರ್ಪುಗಳನ್ನು ಓದುವುದು ಕಲಿತದ್ದು ಮಾತ್ರ ಒಂದು ಗಾಡಿ ದಾರಿಗಾಗಿ.

ನಮ್ಮ ಊರು ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಹತ್ತಿರ. ನಮ್ಮ ಗದ್ದೆಗೆ ಗಾಡಿಯಾಗಲಿ ಟ್ರ್ಯಾಕ್ಟರಾಗಲಿ ಹೋಗಬೇಕಾದರೆ ಪಕ್ಕದವರ ಜಮೀನಿನ ಅಂಚಿನಲ್ಲೇ ಹೋಗಬೇಕು. ಇನ್ನೊಂದು ದಾರಿ ಅಂದರೆ ಕಾಲುವೆ ಏರಿ. ಅದರ ಮೇಲೆ ಮನುಷ್ಯರು ಒಬ್ಬರ ಹಿಂದೆ ಒಬ್ಬರು ನಡೆಯಬಹುದು, ಅಷ್ಟೇ. ಅಪ್ಪ ಸತ್ತ ಮೇಲೂ ಅವ್ವ ಆ ಗದ್ದೆಯನ್ನು ಪಾಳು ಬಿಡದೆ ಮಾಡಿಸಿಕೊಂಡು ಬಂದಿದ್ದಳು. ಪಕ್ಕದ ಜಮೀನಿನ ಯಜಮಾನರನ್ನು ಅವ್ವ ಅಣ್ಣ ಅನ್ನುತ್ತಿದ್ದಳು, ನಾನು ದೊಡ್ಡಪ್ಪ ಅನ್ನುತ್ತಿದ್ದೆ, ರಕ್ತಸಂಬಂಧವೇನೂ ಇರಲಿಲ್ಲ. ಅವರು ತೀರಿಕೊಂಡ ಮರುವರ್ಷ ಅವರ ಮಗ ಬಾಳೆ ಹಾಕುತ್ತೇನೆಂದು ಸುತ್ತಲೂ ಕಲ್ಲುಕಂಬ ನೆಟ್ಟು ತಂತಿ ಎಳೆದ.

ಊರಿನ ನಾಲ್ಕು ಜನ ಕೂತು ಕೇಳಿದಾಗ ಅವನು ಕೂಗಾಡಲಿಲ್ಲ. ದಾರಿ ನಕ್ಷೆಯಲ್ಲಿದ್ದರೆ ತೋರಿಸಿ, ನಾಳೆಯೇ ಕಂಬ ಕೀಳಿಸುತ್ತೇನೆ ಅಂದ. ನಕ್ಷೆಯಲ್ಲಿ ಇರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಸಿವಿಲ್ ಕೋರ್ಟಿಗೆ ಹೋಗಿ ಅಂದರು, ಊರಲ್ಲಿ ನಂಜುಂಡನಿಗೆ ಹರಕೆ ಹೊತ್ತುಕೊಳ್ಳಿ ಅಂದರು. ಹರಕೆಯಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಕೋರ್ಟಿನಲ್ಲಿ ಇತ್ತು, ಯಾಕೆಂದರೆ ಅಲ್ಲಿ ಎರಡೂ ಕಡೆಯವರು ಕಾರಣ ಕೊಡಬೇಕು. ಕಾರಣ ಕೊಡುವ ಜಾಗದಲ್ಲಿ ನಾನು ಸೋಲುವವಳಲ್ಲ ಅಂತ ನನ್ನ ಲೆಕ್ಕಾಚಾರ.

ನಂಜನಗೂಡಿನಲ್ಲಿ ನಮಗೆ ಸಿಕ್ಕಿದ ವಕೀಲರು ವಯಸ್ಸಾದವರು, ಮಾತು ಕಡಿಮೆ. ಇನ್ನೊಬ್ಬರ ಜಮೀನಿನ ಮೇಲೆ ಇಪ್ಪತ್ತು ವರ್ಷ ಎಲ್ಲರಿಗೂ ಕಾಣುವಂತೆ, ಜಗಳವಿಲ್ಲದೆ, ತಡೆಯಿಲ್ಲದೆ, ಹಕ್ಕಿನಿಂದ ಓಡಾಡಿದ್ದರೆ ದಾರಿಯ ಹಕ್ಕು ಹುಟ್ಟುತ್ತದೆ ಎಂದು ವಿವರಿಸಿದರು. ಅಪ್ಪನ ಕಾಲದಿಂದ ಲೆಕ್ಕ ಹಾಕಿದರೆ ಇಪ್ಪತ್ತಕ್ಕೆ ಕೊರತೆ ಇರಲಿಲ್ಲ. ದಾವೆ ಹಾಕಿದರು. ಚರ್ಚಾಸ್ಪರ್ಧೆಗಳಲ್ಲಿ ಗೆದ್ದದ್ದನ್ನು ಹೇಳಿ, ನಾನೂ ಓದುತ್ತೇನೆ ಅಂದಾಗ ಅವರು ನಕ್ಕರು. ಬೇಡ ಅನ್ನಲಿಲ್ಲ.

ತೀರ್ಪುಗಳೆಲ್ಲ ಫೋನಿನಲ್ಲೇ ಬಿಟ್ಟಿಯಾಗಿ ಸಿಗುತ್ತವೆ. ಇಂಗ್ಲಿಷು ಹಳೆಯದು, ಒಂದು ವಾಕ್ಯ ಮುಗಿಯುವಷ್ಟರಲ್ಲಿ ಬಸ್ಸು ಎರಡು ಊರು ದಾಟಿರುತ್ತದೆ. ಮೊದಮೊದಲು ನಾನು ಕೊನೆಯ ಪುಟ ನೋಡುತ್ತಿದ್ದೆ: ದಾರಿ ಕೇಳಿದವರು ಗೆದ್ದಿದ್ದರೆ ಇಟ್ಟುಕೊಳ್ಳುವುದು, ಸೋತಿದ್ದರೆ ಬಿಡುವುದು. ಚರ್ಚಾಸ್ಪರ್ಧೆಗೆ ಹೀಗೇ ತಯಾರಾಗುವುದು. ಚೀಟಿ ಎತ್ತಿದಾಗ ಬಂದ ಪಕ್ಷಕ್ಕೆ ಬೇಕಾದದ್ದನ್ನು ಗುಡ್ಡೆ ಹಾಕಬೇಕು. ಒಂದು ಶನಿವಾರ ಅಂಥದ್ದೊಂದು ಕಟ್ಟು ಪ್ರಿಂಟು ತೆಗೆಸಿಕೊಂಡು ಹೋಗಿ ವಕೀಲರ ಮೇಜಿನ ಮೇಲಿಟ್ಟೆ. ಅವರು ಮೇಲಿನದನ್ನು ಎತ್ತಿ, ಇದು ಮೇಲಿನ ಕೋರ್ಟಲ್ಲಿ ಬಿದ್ದುಹೋಗಿದೆ ನೋಡಿದೆಯಾ ಅಂದರು. ನೋಡಿರಲಿಲ್ಲ. ಎರಡನೆಯದರಲ್ಲಿ ಎರಡೂ ಜಮೀನು ಮೊದಲು ಒಂದೇ ಆಗಿದ್ದವು, ಪಾಲಾದ ಮೇಲೆ ದಾರಿ ಮುಚ್ಚಿದ್ದರು, ನಮ್ಮದು ಹಾಗಲ್ಲ. ಮೂರನೆಯದನ್ನು ಅವರು ಮುಟ್ಟಲೂ ಇಲ್ಲ.

‘ಏನಮ್ಮಾ, ನೀನು ಸ್ಪರ್ಧೇಲಿ ಮಾತಾಡುವಾಗ ಎದುರುಗಡೆ ಯಾರೂ ಇರ್ತಿರ್ಲಿಲ್ವಾ?’ ಅಂದರು. ‘ನಮ್ಮ ಪರವಾಗಿ ಓದೋಕೆ ನಾನಿದೀನಿ. ಆ ಹುಡುಗನ ವಕೀಲ ಈಗ ಏನು ಓದ್ತಾ ಕೂತಿದಾನೆ, ಅದನ್ನ ಓದು.’

ಅವತ್ತಿನಿಂದ ಸೋತವರನ್ನು ಓದತೊಡಗಿದೆ. ಗೆದ್ದರೋ ಸೋತರೋ ಅನ್ನುವುದನ್ನು ಬಿಟ್ಟು, ಯಾಕೆ ಅನ್ನುವ ಒಂದು ಪ್ಯಾರಾ ಹುಡುಕುವುದು. ಆ ಯಾಕೆ ನಮಗೆ ತಗಲುತ್ತದೆಯೋ ನೋಡುವುದು. ಆಮೇಲೆ ಅದನ್ನು ಮೇಲಿನ ಕೋರ್ಟು ಉಳಿಸಿದೆಯೋ ಅಳಿಸಿದೆಯೋ ನೋಡುವುದು. ಇಷ್ಟೇ ವಿದ್ಯೆ. ಕಲಿಯಲು ಕಾಲೇಜು ಬೇಕಿಲ್ಲ, ನಮ್ಮ ವಿರುದ್ಧ ನಾವೇ ನಿಲ್ಲುವ ಮನಸ್ಸು ಬೇಕು.

ಹಾಗೆ ಓದುತ್ತಿದ್ದಾಗಲೇ ಆ ಕಾರಣ ಸಿಕ್ಕಿತು. ಒಂದರಲ್ಲಲ್ಲ, ಸಾಲುಸಾಲು ತೀರ್ಪುಗಳಲ್ಲಿ. ಜಮೀನಿನವನ ಅಪ್ಪಣೆ ಪಡೆದು ಓಡಾಡಿದ ದಾರಿಯಲ್ಲಿ ಎಷ್ಟು ವರ್ಷ ಓಡಾಡಿದರೂ ಹಕ್ಕು ಹುಟ್ಟುವುದಿಲ್ಲ. ಹಕ್ಕಿನಿಂದ ಓಡಾಡುವುದೆಂದರೆ ಯಾರನ್ನೂ ಕೇಳದೆ ಓಡಾಡುವುದು. ನಾನು ಫೋನು ಕೆಳಗಿಟ್ಟು ಬಸ್ಸಿನ ಕಿಟಕಿಯಾಚೆ ನೋಡಿದೆ. ನಮ್ಮ ಕಡೆ ಕೇಳದೆ ಯಾರು ಹೋಗುತ್ತಾರೆ? ಕೊಯ್ಲಿಗೆ ಮುಂಚೆ ಅಪ್ಪ ಎಲೆ ಅಡಿಕೆ ಹಿಡಿದುಕೊಂಡು ದೊಡ್ಡಪ್ಪನ ಜಗಲಿಗೆ ಹೋಗುತ್ತಿದ್ದುದನ್ನು ನಾನೇ ನೋಡಿದ್ದೆ. ಗಾಡಿ ದಾಟಿಸಿಕೊಳ್ಳುತ್ತೀವಿ ಕಣಣ್ಣ ಅನ್ನುವುದು. ಅದನ್ನೇನು ಕೇಳುತ್ತೀಯ ಹೋಗೋ ಅಂತ ಅವರು ಬಯ್ಯುವುದು. ಅಪ್ಪ ಹೋದ ಮೇಲೆ ಅವ್ವ.

ಆ ಸಂಜೆ ಅವ್ವ ಬಸ್ಸಾರಿಗೆ ಸೊಪ್ಪು ಬಿಡಿಸುತ್ತಿದ್ದಳು. ಪ್ರತಿ ಸಲವೂ ಕೇಳಿಯೇ ಹೋಗುತ್ತಿದ್ದಿರಾ ಅಂತ ವಿಚಾರಿಸಿದೆ.

‘ಕೇಳ್ದೆ ಓಗಕೆ ನಾವೇನ್ ಕಳ್ರಾ?’

ಕಾನೂನು ಹೇಳುವುದನ್ನು ತಿಳಿಯುವಂತೆ ಬಿಡಿಸಿ ಹೇಳಿದೆ. ಅವಳು ಸೊಪ್ಪಿನ ಕಡ್ಡಿ ಮುರಿಯುವುದನ್ನು ನಿಲ್ಲಿಸಲಿಲ್ಲ.

‘ಅಂಗಾರೆ ಕಳ್ಳಂಗೆ ನುಗ್ಗಿದ್ರೆ ದಾರಿ ನಮ್ದಾಯ್ತಿತ್ತು ಅನ್ನು.’

‘ಕಳ್ಳಂಗೂ ಅಲ್ಲ ಅವ್ವಾ. ಎಲ್ರೂ ನೋಡೋ ಹಾಗೆ ನುಗ್ಗಬೇಕು.’

‘ಓದ್ದೋರು ಬರ್ದವ್ರೇನೋ ಇದ್ನ’ ಅಂದಳು. ನನಗೆ ನಗು ಬಂತು, ಅವಳಿಗೆ ಬರಲಿಲ್ಲ.

ನೀವು ಹೇಳಬಹುದು: ಉಪಕಾರವೆಂದು ಬಿಟ್ಟ ದಾರಿ ನಾಳೆ ಹಕ್ಕಾಗುವುದಾದರೆ ಯಾರೂ ಯಾರಿಗೂ ಉಪಕಾರ ಮಾಡುವುದಿಲ್ಲ, ಅದಕ್ಕೇ ಈ ನಿಯಮ ಅಂತ. ಒಪ್ಪಿದೆ. ಎದುರಾಳಿಯ ಜಾಗದಲ್ಲಿ ನಿಂತರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ದೊಡ್ಡಪ್ಪ ಅದನ್ನು ಉಪಕಾರ ಅಂದುಕೊಂಡಿರಲಿಲ್ಲ, ಅಪ್ಪ ಅದನ್ನು ಅಪ್ಪಣೆ ಅಂದುಕೊಂಡಿರಲಿಲ್ಲ. ಅದು ಮರ್ಯಾದೆ. ಮರ್ಯಾದೆಗೆ ಕೇಳಿದ್ದು ಅಪ್ಪಣೆ ಪಡೆದಂತಲ್ಲ ಎಂದು ಎಲ್ಲಾದರೂ ಯಾರಾದರೂ ನ್ಯಾಯಾಧೀಶರು ಬರೆದಿರಬೇಕಲ್ಲ. ವಾರಗಟ್ಟಲೆ ಹುಡುಕಿದೆ. ಹತ್ತಿರಕ್ಕೆ ಬಂದವೆಲ್ಲ ಒಂದೇ ಪ್ರಶ್ನೆಯ ಹತ್ತಿರ ಬಂದು ನಿಲ್ಲುತ್ತಿದ್ದವು: ಅವನು ಬೇಡ ಅಂದಿದ್ದರೆ ಇವನು ಏನು ಮಾಡುತ್ತಿದ್ದ?

ವಕೀಲರಿಗೆ ಹೇಳಿದೆ. ಪಾಟೀಸವಾಲಿನಲ್ಲಿ, ಅಂದರೆ ಎದುರು ವಕೀಲ ಸಾಕ್ಷಿಯನ್ನು ಕೆದಕುವಾಗ, ಈ ಪ್ರಶ್ನೆ ಬಂದೇ ಬರುತ್ತದೆ ಅಂದರು. ನಿಮ್ಮ ತಾಯಿಗೆ ನಾನು ಸುಳ್ಳು ಹೇಳಿಕೊಡುವುದಿಲ್ಲ ಅಂತಲೂ ಅಂದರು.

ಸುಳ್ಳು ಬೇಕಾಗಿಯೂ ಇರಲಿಲ್ಲ. ಮನೆಯಲ್ಲಿ ನಾನೇ ಎದುರು ವಕೀಲಳಾಗಿ ಅವ್ವನನ್ನು ಕೇಳಿದೆ. ಬೇಡ ಅಂದಿದ್ದರೆ ಏನು ಮಾಡುತ್ತಿದ್ದಿರಿ? ಅಣ್ಣ ಬೇಡ ಅನ್ನೋರೇ ಅಲ್ಲ, ಅಂದಳು. ಅದಕ್ಕಿಂತ ಒಳ್ಳೆಯ ಉತ್ತರ ನಾನು ಯಾವ ತೀರ್ಪಿನಲ್ಲೂ ಓದಿರಲಿಲ್ಲ, ಮತ್ತು ಅದು ನಿಜ. ಅಷ್ಟೇ ಹೇಳು, ಮುಂದಕ್ಕೆ ಒಂದು ಮಾತೂ ಬೇಡ ಅಂದೆ. ಆಯ್ತು ಅಂದಳು. ಮಾರನೆಯ ದಿನ ಕೇಳಿದರೂ ಅದೇ ಉತ್ತರ ಬಂತು.

ಎದುರು ವಕೀಲ ನನಗಿಂತ ಚೆನ್ನಾಗಿ ತಯಾರಾಗಿದ್ದ. ಕಟಕಟೆಯಲ್ಲಿ ನಿಂತ ಅವ್ವನನ್ನು ಅವನು ದಾರಿಯ ಬಗ್ಗೆ ಮೊದಲು ಕೇಳಲೇ ಇಲ್ಲ. ಅಪ್ಪನ ಬಗ್ಗೆ ಕೇಳಿದ. ದನಿ ಮೆತ್ತಗಿತ್ತು. ನಿಮ್ಮ ಯಜಮಾನರು ಊರಲ್ಲಿ ಮರ್ಯಾದಸ್ಥರು ಅಲ್ಲವೇ ಅಮ್ಮಾ ಅಂದ. ಯಾರ ತಂಟೆಗೂ ಹೋದವರಲ್ಲ ಅಲ್ಲವೇ ಅಂದ. ಅವ್ವ ಎರಡಕ್ಕೂ ಹೌದು ಅಂದಳು. ಅವಳ ಬೆನ್ನು ನೆಟ್ಟಗಾದದ್ದು ಹಿಂದೆ ಕೂತಿದ್ದ ನನಗೆ ಕಂಡಿತು. ಅವನು ಎತ್ತ ಹೊರಟಿದ್ದಾನೆಂದು ಆಗಲೇ ನನಗೆ ಗೊತ್ತಾಯಿತು.

‘ಜಮೀನಿನವರು ಬೇಡ ಅಂದಿದ್ರೆ, ಅವ್ರ ಮಾತು ಮೀರಿ ಗಾಡಿ ನುಗ್ಗಿಸ್ತಿದ್ರಾ ನಿಮ್ಮ ಯಜಮಾನ್ರು?’

‘ಸತ್ತೋಗಿರೋರ್ ಮೇಲೆ ಯಾಕ್ ಸಾ ಅಂಗಂತೀರಾ?’ ಅಂದಳು ಅವ್ವ. ‘ಅವ್ರು ಅಂತೋರಲ್ಲ. ಕೇಳ್ದೆ ಒಂದಿನಾನೂ ಗಾಡಿ ದಾಟಿಸ್ದೋರಲ್ಲ. ಬ್ಯಾಡ ಅಂದಿದ್ರೆ ಗಾಡಿ ತಿರುಗುಸ್ಕೊಂಡು ಬತ್ತಿದ್ರು.’

ನ್ಯಾಯಾಧೀಶರು ಹೇಳುತ್ತಾ ಹೋದರು, ಟೈಪಿಸ್ಟು ಬಡಿಯುತ್ತಾ ಹೋದ: ವಾದಿಯ ಪತಿಯು ಪ್ರತಿವಾದಿಯ ತಂದೆಯ ಅನುಮತಿ ಪಡೆದೇ ಸದರಿ ದಾರಿಯನ್ನು ಬಳಸುತ್ತಿದ್ದರು ಎಂದರೆ ಸರಿ. ಅವ್ವ ಅದರ ಕೆಳಗೆ ಸಹಿ ಹಾಕಿದಳು. ದೊಡ್ಡಪ್ಪನ ಮಗ ಮೂಲೆಯ ಬೆಂಚಿನಲ್ಲಿ ನೆಲ ನೋಡುತ್ತಾ ಕೂತಿದ್ದ. ಗೆದ್ದವನ ಮುಖ ಇರಲಿಲ್ಲ ಅವನಿಗೆ, ಅದರಿಂದ ನಮಗೇನೂ ಆಗಬೇಕಾದದ್ದೂ ಇರಲಿಲ್ಲ.

ದಾವೆ ವಜಾ ಆಯಿತು. ತೀರ್ಪನ್ನು ಒಂದೇ ಉಸಿರಿಗೆ ಓದಿದೆ. ಯಾಕೆ ಅನ್ನುವ ಪ್ಯಾರಾ ಸ್ಪಷ್ಟವಾಗಿತ್ತು, ಅದರಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಬೇರೆ ಯಾರದೋ ಕೇಸಾಗಿದ್ದರೆ ಇದನ್ನೂ ನಾನು ಸರಿಯಾದ ತೀರ್ಪು ಎಂದು ಗುರುತು ಹಾಕಿಕೊಳ್ಳುತ್ತಿದ್ದೆ. ಆದರೂ ಅಪೀಲು ಹಾಕೋಣ ಎಂದು ಅವ್ವನ ಜೊತೆ ವಾದಿಸಿದೆ. ಮೇಲಿನ ಕೋರ್ಟಿನಲ್ಲಿ ಬೇರೆ ಥರ ಹೇಳಲು ಆಗುತ್ತದಾ ಅಂದಳು. ಇಲ್ಲ, ಹೇಳಿದ್ದು ಹೇಳಿದ್ದೇ ಅಂದೆ.

‘ಆಗಂಗಿದ್ರೂ ನಾನು ಬೇರೆ ತರ ಏಳೋಳಲ್ಲ. ಬುಡವ್ವ’ ಅಂದಳು.

ಆ ವರ್ಷದ ಬತ್ತವನ್ನು ಆಳುಗಳು ಏರಿಯ ಮೇಲೆ ತಲೆಹೊರೆಯಲ್ಲಿ ತಂದರು. ಮುಂದಿನ ವರ್ಷಕ್ಕೆ ಆಳುಗಳೇ ಸಿಗಲಿಲ್ಲ. ದಾರಿಯಿಲ್ಲದ ಗದ್ದೆಯನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಮಾಡುವವರೂ ಇರಲಿಲ್ಲ, ಒಬ್ಬನನ್ನು ಬಿಟ್ಟು. ಅವನಿಗೆ ದಾರಿಯ ತೊಂದರೆ ಇರಲಿಲ್ಲ. ಬೆಳೆಯಲ್ಲಿ ನಮಗೆ ಎಷ್ಟು ಪಾಲು ಎಂದು ಅವನೇ ಹೇಳಿದ, ಅವ್ವ ತಲೆಯಾಡಿಸಿದಳು.

ತನ್ನ ಜಮೀನಿನಿಂದ ನಮ್ಮ ಗದ್ದೆಗೆ ಟ್ರ್ಯಾಕ್ಟರ್ ಇಳಿಸಲು ಅವನು ಎರಡು ಕಂಬ ಕೀಳಿಸಿ ಗೇಟು ಇಡಿಸಿದ್ದಾನೆ. ಹಳೆಯ ಗಾಡಿ ಜಾಡಿನ ಮೇಲೆಯೇ ಇಡಿಸಿದ್ದಾನೆ, ಬೇರೆ ಕಡೆ ನೆಲ ಭಾರ ತಡೆಯುವುದಿಲ್ಲ. ಅವ್ವನ ಜೊತೆ ಪೈರು ನೋಡಲು ಹೋದ ದಿನ ಗೇಟು ಮುಚ್ಚಿತ್ತೇ ಹೊರತು ಬೀಗ ಇರಲಿಲ್ಲ. ಮಂಡಿನೋವು ಇಟ್ಟುಕೊಂಡು ಅಷ್ಟು ದೂರ ಸುತ್ತುವುದು ಯಾಕೆ, ಇಲ್ಲೇ ದಾಟು ಅಂದೆ. ಅವ್ವ ಆ ಕಡೆ ಈ ಕಡೆ ನೋಡಿದಳು. ಕೇಳೋಣವೆಂದರೆ ಜಮೀನಿನಲ್ಲಿ ಯಾರೂ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಲುವೆ ಏರಿಯನ್ನು ಹತ್ತಿದಳು.